ಫೈಲ್ ಸಿಸ್ಟಮ್ ಕೆಟ್ಟಿತೋ, ಡ್ರೈವರ್ ಕೈಕೊಟ್ಟಿತೋ: ಪತ್ತೆ ಹಚ್ಚುವ ಕ್ರಮ

ಪುಣೆಯ ಹಿಂಜವಡಿಯಲ್ಲಿ ಸ್ಟೋರೇಜ್ ಕೆಲಸಕ್ಕೆ ಹೊಸದಾಗಿ ಸೇರುವ ನಮ್ಮ ಕಡೆಯ ಹುಡುಗ ಹುಡುಗಿಯರು ಲಾಗ್‌ನ (ಯಂತ್ರ ಬರೆದಿಡುವ ಘಟನೆಗಳ ದಾಖಲೆಯ) ಕೊನೆಯ ಸಾಲನ್ನೇ ಹಿಡಿದು ಕೂರುವುದುಂಟು. ನೋಡಬೇಕಾದುದು ಮೊದಲ ದೋಷದ ಸಾಲನ್ನು. ಲಿನಕ್ಸ್‌ನಲ್ಲಿ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಓದಲು ಮಾತ್ರ ಎಂಬ ಸ್ಥಿತಿಗೆ ಇಳಿದದ್ದು ಎದ್ದು ಕಾಣುತ್ತದಾದರೂ, ಅದಕ್ಕೂ ಮುಂಚೆ ಬ್ಲಾಕ್ ಪದರದ (ಫೈಲ್ ಸಿಸ್ಟಮ್ ಮತ್ತು ಡ್ರೈವರ್ ನಡುವಿನ ಪದರ) ಐ/ಒ ಎರರ್, ಅಂದರೆ ಓದು-ಬರಹದ ದೋಷ, ದಾಖಲಾಗಿದ್ದರೆ ಡ್ರೈವರ್ (ಡಿಸ್ಕನ್ನು ನಡೆಸುವ ತಂತ್ರಾಂಶ), ಕೇಬಲ್ ಅಥವಾ ಡಿಸ್ಕನ್ನೇ ಮೊದಲು ಶಂಕಿಸಬೇಕು.

ದುರಸ್ತಿಗೆ ಆತುರಪಡಬಾರದು. ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಿದರೆ ಸಾಕ್ಷ್ಯವೇ ಅಳಿಸಿಹೋಗಬಹುದಾದ್ದರಿಂದ, ಮೊದಲು ಡಿಸ್ಕಿನ ಪೂರ್ಣ ಪ್ರತಿ ತೆಗೆದು ಆ ಪ್ರತಿಯ ಮೇಲೆಯೇ ಪರೀಕ್ಷಿಸಬೇಕು.

ಯಂತ್ರ ಸ್ತಬ್ಧವಾಗುವ ದೋಷವೇ ನಿಜಕ್ಕೂ ಕಾಡುವಂಥದ್ದು. ಒಂದು ಟಾಸ್ಕ್ (ಯಂತ್ರದಲ್ಲಿ ನಡೆಯುತ್ತಿರುವ ಕೆಲಸ) ಮಧ್ಯೆ ಎಬ್ಬಿಸಲಾಗದ ನಿದ್ರೆಯಲ್ಲೇ ಸಿಲುಕಿ ಸಾಮಾನ್ಯವಾಗಿ 120 ಸೆಕೆಂಡು ಕಳೆದ ಮೇಲೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಎಚ್ಚರಿಕೆ ಮುದ್ರಿಸುತ್ತದೆ. ಆಗ ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ (ಕರ್ನೆಲ್‌ಗೆ ನೇರ ಆಜ್ಞೆ ಕೊಡುವ ಕೀಲಿ) ಜೊತೆ ಡಬ್ಲ್ಯೂ ಒತ್ತಿದರೆ ಹೀಗೆ ಸಿಲುಕಿ ಕಾಯುತ್ತಿರುವ ಎಲ್ಲ ಟಾಸ್ಕ್‌ಗಳ ಕರೆಸರಣಿ, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆದು ಎಲ್ಲಿ ನಿಂತಿದೆ ಎಂಬ ಪಟ್ಟಿ, ಸಿಗುತ್ತದೆ. ಡಿಸ್ಕಿಗೆ ಹೋಗುವ ಪ್ರತಿ ವಿನಂತಿಯನ್ನು ದಾಖಲಿಸುವ ಬ್ಲಾಕ್‌ಟ್ರೇಸ್ (blktrace) ಮೊದಲೇ ಓಡುತ್ತಿದ್ದರೆ ಇನ್ನೂ ಒಳ್ಳೆಯದು: ಅದರಲ್ಲಿ ‘ಡಿ’ ಎಂದರೆ ವಿನಂತಿ ಡ್ರೈವರ್‌ಗೆ ತಲುಪಿದೆ, ‘ಸಿ’ ಎಂದರೆ ಪೂರೈಸಿದೆ. ‘ಡಿ’ ಕಂಡು ‘ಸಿ’ ಬಾರದಿದ್ದರೆ ಫೈಲ್ ಸಿಸ್ಟಮ್ ಕೋಡ್ ಬದಿಗಿಟ್ಟು ಡ್ರೈವರ್‌ನ ಇಂಟರಪ್ಟ್ (ಕೆಲಸ ಮುಗಿಯಿತೆಂದು ಸಾಧನ ಕೊಡುವ ಸೂಚನೆ) ಮತ್ತು ಟೈಮ್‌ಔಟ್ (ಕಾಯುವ ಗಡುವು) ಭಾಗವನ್ನು ಓದಬೇಕು.

ದೋಷವನ್ನು ಮರುಸೃಷ್ಟಿಸಲು ಕ್ಯೂಇಎಂಯು (ಯಂತ್ರದೊಳಗೆ ಇನ್ನೊಂದು ಕಾಲ್ಪನಿಕ ಯಂತ್ರ ಓಡಿಸುವ ತಂತ್ರಾಂಶ) ಒಳಗೆ ಡಿಎಂ-ಫ್ಲೇಕಿ ಎಂಬ ಲಿನಕ್ಸ್ ಸೌಲಭ್ಯ ಬಳಸಿ, ನಿಗದಿತ ಅವಧಿಗೆ ಡಿಸ್ಕ್ ವಿಫಲವಾಗುವಂತೆ ಮಾಡಬಹುದು; ಆಫೀಸಿನ ಲ್ಯಾಪ್‌ಟಾಪ್ ಮೇಲೆಯೇ ಈ ಧೈರ್ಯ ಬೇಡ.