ಪೈಗೆ ಕಾಯಲಿಲ್ಲ, ಗುಜರಿ ಬಾಕ್ಸಿನಲ್ಲಿ ಪಂಪು ನಡೆಸಿದೆ

2022ರಲ್ಲಿ ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್ ಬೋರ್ಡು) ಹುಡುಕಿ ಸುಸ್ತಾದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಚಿಪ್ ಅಭಾವ, ಇದ್ದ ಬೋರ್ಡು ಮೊದಲು ಕಾರ್ಖಾನೆಗಳಿಗೆ. 2 ಜಿಬಿಯ ಪೈ 4ನ್ನು ಕಂಪೆನಿಯೇ 2021ರ ಅಕ್ಟೋಬರಿನಲ್ಲಿ 35 ಡಾಲರಿನಿಂದ 45ಕ್ಕೆ ಏರಿಸಿತ್ತು. ನಮ್ಮ ಕಾಸರಗೋಡಿನ ಪೆರ್ಲ, ಬಾಯಾರು ಕಡೆಯವರಿಗೆ ಅದೇ ಬೋರ್ಡಿಗೆ ಹತ್ತು ಸಾವಿರದ ಆಸುಪಾಸು ಹೇಳುತ್ತಿದ್ದರು. ಒಬ್ಬ ವ್ಯಾಪಾರಿ ಮುಂಗಡ ಇಟ್ಟುಕೊಂಡು ತಿಂಗಳುಗಟ್ಟಲೆ "ಮುಂದಿನ ವಾರ ಬರ್ತದೆ" ಎಂದ. ಅರ್ಧ ದುಡ್ಡು ಮಾತ್ರ ವಾಪಸು ಬಂತು.

ನನಗೆ ಬೇಕಾದದ್ದು ಇಷ್ಟೇ: ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬೀಳುವ ಟ್ಯಾಂಕಿ ತುಂಬಿದಾಗ ಪಂಪು ಚಾಲೂ, ತಳ ಕಂಡಾಗ ಬಂದ್, ವರ್ಷದ ಲೆಕ್ಕ ಗ್ರಾಫಿನಲ್ಲಿ. ಬರೇ ನೋಡ್‌ಎಂಸಿಯು (ವೈಫೈ ಇರುವ ಪುಟ್ಟ ನಿಯಂತ್ರಕ ಬೋರ್ಡು) ಸಾಲದೇ ಎನ್ನುತ್ತೀರಿ. ಒಂದು ಪಂಪಿಗೆ ಸಾಕು. ಮೂರು ಪಂಪು, ಎರಡು ಟ್ಯಾಂಕಿ, ಏಪ್ರಿಲಿನಲ್ಲಿ ಸುರಂಗ ಎಷ್ಟು ಸೊರಗಿತು ಎಂಬ ದಾಖಲೆ ಬೇಕಾದರೆ ಹಿಂದೆ ಒಂದು ಲಿನಕ್ಸ್ ಕಂಪ್ಯೂಟರ್ ಇರಲೇಬೇಕು.

ಹಾಗೆ ಹಳೆ ಆಂಡ್ರಾಯ್ಡ್ ಟಿವಿ ಬಾಕ್ಸಿಗೆ ಕೈ ಹಾಕಿದೆ. ಒಂದೊಂದು ಐನೂರು, ಆರುನೂರು ರೂಪಾಯಿ. "ಗುಜರಿಯಲ್ಲಿ ಮೋಟಾರು ನಡೆಸ್ಲಿಕ್ಕುಂಟಾ ಭಾವಾ? ಒಂದು ಮಳೆಗಾಲ ದಾಟಿದ್ರೆ ನೋಡುವ" ಎಂದ ನನ್ನ ಭಾವ. ಈಗ ಎರಡು ಮಳೆಗಾಲ ಕಳೆದಿದೆ, ಅವನ ತೋಟಕ್ಕೂ ಒಂದು ಜೋಡಿಸಿ ಕೊಟ್ಟಿದ್ದೇನೆ.

ಮೊದಲ ಬಾಕ್ಸುಗಳಲ್ಲಿ ಹೆಚ್ಚಿನವು ಹಾಳುಬಿದ್ದವು. ಸ್ಟಿಕ್ಕರಿನಲ್ಲಿ ಆಮ್‌ಲಾಜಿಕ್ ಕಂಪೆನಿಯ ಎಸ್905ಎಕ್ಸ್ ಚಿಪ್, 4 ಜಿಬಿ. ಬಿಚ್ಚಿದರೆ ಒಳಗೆ ಬೇರೆಯೇ ಕಂಪೆನಿಯ ರಾಕ್‌ಚಿಪ್, ರ್‍ಯಾಮ್ ಒಂದೇ ಜಿಬಿ. ಆದ್ದರಿಂದ ಸ್ಕ್ರೂ ಬಿಚ್ಚಿ ಹೀಟ್‌ಸಿಂಕ್ ಎತ್ತಿ ಚಿಪ್ಪಿನ ಮೇಲಿನ ಅಕ್ಷರ ಓದದೆ ದುಡ್ಡು ಕೊಡಬೇಡಿ. ನಿಜವಾದ ಆಮ್‌ಲಾಜಿಕ್ ಆದರೆ ಆರ್ಮ್‌ಬಿಯನ್ (ಇಂಥ ಬೋರ್ಡುಗಳಿಗೆಂದೇ ಇರುವ ಲಿನಕ್ಸ್) ಬರೆದ ಎಸ್‌ಡಿ ಕಾರ್ಡ್ ಹಾಕಿ, ಎವಿ ತೂತಿನೊಳಗಿನ ಬಟನ್ನನ್ನು ಹಲ್ಲುಕಡ್ಡಿಯಲ್ಲಿ ಒತ್ತಿ ಹಿಡಿದು ಕರೆಂಟ್ ಕೊಡುವುದು. ಬೋರ್ಡಿನಲ್ಲಿ ಏನೇನಿದೆ ಎಂದು ಲಿನಕ್ಸಿಗೆ ತಿಳಿಸುವ ಡಿಟಿಬಿ ಫೈಲು ಸರಿಹೊಂದುವ ತನಕ ಪರದೆ ಕಪ್ಪು, ಅಲ್ಲೇ ಹೆಚ್ಚಿನವರು ಕೈಬಿಡುವುದು. ನನ್ನ ರಾಕ್‌ಚಿಪ್ ಬಾಕ್ಸುಗಳಲ್ಲೂ ಒಂದು ಈಗ ಏಳುತ್ತದೆ. ಯಾವ ಫೈಲು ಎಂಬುದು ಸದ್ಯ ನನ್ನಲ್ಲೇ ಇರಲಿ. ಬಾಕ್ಸು ಎಲ್ಲಿಂದ ತರುತ್ತೇನೆ ಎಂಬುದೂ ಅಷ್ಟೇ, ಹೇಳಿದರೆ ನಾಳೆ ಅಲ್ಲಿ ರೇಟು ಏರುತ್ತದೆ.

ಬಾಕ್ಸಿನ ವೈಫೈ ಎದ್ದರೆ ಪುಣ್ಯ. ಹೊರಗಿನ ತಂತಿ ನೇರ ಜೋಡಿಸುವ ಜಿಪಿಐಒ ಪಿನ್ನೂ ಇಲ್ಲ, ಅದನ್ನು ಹುಡುಕಿ ಸೋಲ್ಡರ್ ಮಾಡುವ ಗೋಜಿಗೆ ಹೋಗಲಿಲ್ಲ. ಬಾಕ್ಸಿನಲ್ಲಿ ಮಸ್ಕಿಟೊ ಬ್ರೋಕರ್ (ಮೆಸೇಜು ಹಂಚುವ ಸಾಫ್ಟ್‌ವೇರ್), ಪಂಪಿನ ಬಳಿ ನೋಡ್‌ಎಂಸಿಯು. ಸ್ಟಾರ್ಟರಿನ ಹಸಿರು ಬಟನ್ನಿಗೆ ಪ್ಯಾರಲಲ್ ಆಗಿ ಒಂದು ರಿಲೇ (ಕರೆಂಟಿನಿಂದ ಆಡುವ ಸ್ವಿಚ್ಚು), ಕೆಂಪಿಗೆ ಸೀರೀಸಿನಲ್ಲಿ ಇನ್ನೊಂದು. ಬಾಕ್ಸಿನಿಂದ ಮೆಸೇಜು ಬರುವುದು ನಿಂತರೆ ನೋಡ್ ತಾನೇ ಪಂಪು ಬಂದ್ ಮಾಡುತ್ತದೆ. ನೀರಿನ ಮಟ್ಟ ನೋಡಲು ಶಬ್ದದ ಅಲೆಯಿಂದ ದೂರ ಅಳೆಯುವ ಜೆಎಸ್‌ಎನ್ ಸೆನ್ಸರ್. ಹತ್ತಿರದ ಒಂದು ಗೇಣನ್ನು ಅದು ಓದುವುದಿಲ್ಲ, ಟ್ಯಾಂಕಿಯ ಅಂಚಿನಿಂದ ಅಷ್ಟು ಎತ್ತರಿಸಿ ಕಟ್ಟಿ.

ಅತಿ ದೊಡ್ಡ ಪೆಟ್ಟು ಅಕ್ಟೋಬರಿನ ಸಿಡಿಲಿನದ್ದು. ಮನೆಯಿಂದ ಪಂಪ್ ಶೆಡ್ಡಿಗೆ ಎಳೆದ ಲ್ಯಾನ್ ವಯರಿನಲ್ಲಿ ಬಂದು ಬಾಕ್ಸಿನ ಪೋರ್ಟನ್ನೂ ರೂಟರನ್ನೂ ಸುಟ್ಟಿತು, ಎರಡು ಸಾವಿರದ ಮೇಲೆ ಹೋಯಿತು. ಈಗ ಹೊರಗೆ ಲ್ಯಾನ್ ವಯರೇ ಇಲ್ಲ, ಎಲ್ಲ ವೈಫೈ. ಎಸ್‌ಡಿ ಕಾರ್ಡು ಕೆಟ್ಟದ್ದು ಬೇರೆ. ಲಾಗನ್ನು (ಬಾಕ್ಸು ತಾನೇ ಬರೆಯುವ ದಾಖಲೆಯನ್ನು) ರ್‍ಯಾಮಿಗೆ ಹಾಕಿದ ಮೇಲೆ ನಿಂತಿತು.

ನಡುವೆ ಮಂಗ ಓಡಿಸುವ ಹುಚ್ಚೂ ಹಿಡಿಯಿತು. ಅದೇ ಬಾಕ್ಸಿಗೆ ವೆಬ್‌ಕ್ಯಾಮ್, ಗುರುತು ಹಿಡಿಯುವ ಮಾಡೆಲ್, ಸೈರನ್. ಒಂದು ಫ್ರೇಮ್ ನೋಡಲು ಅದಕ್ಕೆ ನಾಲ್ಕೈದು ಸೆಕೆಂಡು. ಸೈರನ್ ಕೂಗುವಾಗ ಮಂಗ ಬೊಂಡ ಕಿತ್ತು ಆಚೆ ಮರದಲ್ಲಿರುತ್ತಿತ್ತು. ನಾಯಿಯೇ ವಾಸಿ.

2023ರ ಕೊನೆಗೆ ಪೈ ಮತ್ತೆ ಸಿಗತೊಡಗಿತು, ಪೈ 5 ಕೂಡ ಬಂತು. 4 ಜಿಬಿಯದ್ದಕ್ಕೆ ಆಗ 60 ಡಾಲರು. ಕ್ಯಾಮರಾ ಕೆಲಸಕ್ಕೆ ಒಂದು ತೆಗೆದುಕೊಂಡೇನು. ಪಂಪಿಗೆ ಮಾತ್ರ ಬಾಕ್ಸೇ ಇರಲಿ: ನೋಡ್, ರಿಲೇ, ಸೆನ್ಸರ್, ಅಡಾಪ್ಟರ್ ಎಲ್ಲ ಸೇರಿ ಒಂದು ಪಂಪಿನ ಸೆಟ್ಟಿಗೆ ಒಂದೂವರೆ ಸಾವಿರ ದಾಟಿಲ್ಲ, ಸಿಡಿಲಿನ ಲೆಕ್ಕ ಬಿಟ್ಟು.