ಹಳೇ ಆಟೋಮ್ಯಾಟಿಕ್ ಕಾರು ಎಳೆಯುತ್ತಿಲ್ಲವೇ? ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ರೇಸ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಕಾರು ಮಾತ್ರ ಮುಂದೆ ಹೋಗಲು ತಿಣುಕುತ್ತದೆ. ಇಷ್ಟಾದರೆ ಸಾಕು, ನೋಡಿದವರೆಲ್ಲ "ಗೇರ್‌ಬಾಕ್ಸ್ ಹೋಯ್ತು" ಅಂದುಬಿಡುತ್ತಾರೆ. ದಯವಿಟ್ಟು ಅಷ್ಟು ಬೇಗ ನಂಬಬೇಡಿ. ಒಳಗೆ ಕ್ಲಚ್ ಪ್ಲೇಟ್ ಸುಟ್ಟರೂ ಹೀಗೇ ಆಗುತ್ತದೆ, ಗೇರ್‌ಬಾಕ್ಸ್ ಆಯಿಲ್ ಕಡಿಮೆಯಾದರೂ ಹೀಗೇ ಆಗುತ್ತದೆ. ಖರ್ಚಿನಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. ಅದಕ್ಕೇ ಹೊರಗಿನಿಂದ ನೋಡುತ್ತಾ ಒಳಕ್ಕೆ ಹೋಗಬೇಕು. ನಾನು ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ, ಗೇರ್‌ಬಾಕ್ಸ್ ಆಯಿಲ್ ನೋಡಲು ಡಿಪ್‌ಸ್ಟಿಕ್ (ಅಳತೆ ಕಡ್ಡಿ) ಇರುವ ಹಳೇ ಕಾರುಗಳ ಬಗ್ಗೆ. ಸಿವಿಟಿ (ಬಿಡಿ ಗೇರ್‌ಗಳಿಲ್ಲದ ಇನ್ನೊಂದು ಬಗೆಯ ಆಟೋಮ್ಯಾಟಿಕ್) ಬೇರೆಯೇ ಕಥೆ.

ಮೊದಲು ಆಯಿಲ್. ಕಾರನ್ನು 15-20 ನಿಮಿಷ ಓಡಿಸಿ ಬಿಸಿ ಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಬ್ರೇಕ್ ತುಳಿದುಕೊಂಡೇ ಎಲ್ಲಾ ಗೇರಿಗೂ ಒಂದೆರಡು ಸೆಕೆಂಡ್ ಹಾಕಿ, ಮತ್ತೆ ಪಾರ್ಕ್‌ಗೆ ತನ್ನಿ. ಇಂಜಿನ್ ಐಡಲ್‌ನಲ್ಲಿ ಇರುವಾಗಲೇ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಹೆಚ್ಚಿನ ಕಾರುಗಳಿಗೆ ಇದೇ ಕ್ರಮ. ಕೆಲವಕ್ಕೆ ನ್ಯೂಟ್ರಲ್‌ನಲ್ಲಿ, ಕೆಲವಕ್ಕೆ ಇಂಜಿನ್ ಆಫ್ ಮಾಡಿ ನೋಡಬೇಕಾಗುತ್ತದೆ, ಹಾಗಾಗಿ ಕಾರಿನ ಪುಸ್ತಕ ಒಮ್ಮೆ ತೆರೆಯಿರಿ.

ಮಟ್ಟ ನೋಡಿದರೆ ಸಾಲದು. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಬಣ್ಣ ನೋಡಿ, ಮೂಸಿ. ಹೊಸ ಆಯಿಲ್ ಸಾಮಾನ್ಯವಾಗಿ ಕೆಂಪಗೆ ತಿಳಿಯಾಗಿರುತ್ತದೆ. ಸ್ವಲ್ಪ ಕಂದು ತಿರುಗಿದ್ದರೆ ವಯಸ್ಸಾಗಿದೆ ಅಷ್ಟೇ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್‌ಗಳು ಜಾರಿ ಬೆಂದಿವೆ ಎಂದು ಅರ್ಥ. ಹಾಲು ಬೆರೆಸಿದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ ಕೂಲೆಂಟ್ ಬೆರೆತಿರುವ ಸಾಧ್ಯತೆ ಜಾಸ್ತಿ. ಆಮೇಲೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ, ಆ ನೀರು ಪ್ಲೇಟಿನ ಮೇಲಿನ ಲೈನಿಂಗ್ ಅಂಟನ್ನೇ ಬಿಡಿಸಿಬಿಡುತ್ತದೆ.

ಆಯಿಲ್ ಕಡಿಮೆ ಇದ್ದರೆ ಎಲ್ಲೋ ಸೋರಿದೆ ಅಂತಲೇ. ಗೇರ್‌ಬಾಕ್ಸ್ ಆಯಿಲ್ ತಾನಾಗಿ ಖರ್ಚಾಗುವುದಿಲ್ಲ. ಪ್ಯಾನ್ (ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ) ಗ್ಯಾಸ್ಕೆಟ್, ಆಕ್ಸಲ್ ಸೀಲ್, ಕೂಲರ್ ಪೈಪು, ಮುಂದಿನ ಪಂಪ್ ಸೀಲ್, ಎಲ್ಲಾ ನೋಡಿ. ನೆಲದ ಮೇಲೆ ಒಂದು ಹನಿಯೂ ಇಲ್ಲ, ಆದರೂ ಆಯಿಲ್ ಇಳಿಯುತ್ತಿದೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬೇರೆ. ಹೀಗಿದ್ದರೆ ವ್ಯಾಕ್ಯೂಮ್ ಮಾಡ್ಯುಲೇಟರ್ ನೋಡಿ, ಅಂದರೆ ರಬ್ಬರ್ ಪೈಪಿನಲ್ಲಿ ಬರುವ ಇಂಜಿನ್ನಿನ ಗಾಳಿ ಎಳೆತ (ವ್ಯಾಕ್ಯೂಮ್) ನೋಡಿ ಗೇರ್ ಬದಲಾವಣೆಯನ್ನು ಹೊಂದಿಸುವ ಭಾಗ. ಹಳೇ ಗೇರ್‌ಬಾಕ್ಸ್‌ಗಳಲ್ಲಿ ಹಲವಕ್ಕೆ ಇದು ಇರುತ್ತದೆ. ಅದರ ಒಳಗಿನ ರಬ್ಬರ್ ಪೊರೆ ಹರಿದರೆ ಇಂಜಿನ್ನು ಆಯಿಲನ್ನು ಎಳೆದುಕೊಂಡು ಸುಡುತ್ತದೆ. ಅದರ ಪೈಪು ಕಿತ್ತು ನೋಡಿ, ಒಳಗೆ ಆಯಿಲ್ ಕಂಡರೆ ಮಾಡ್ಯುಲೇಟರ್ ಬದಲಿಸಲೇಬೇಕು.

ಆ ಪೈಪು ಬಿರುಕು ಬಿಟ್ಟರೂ ತೊಂದರೆಯೇ. ನನ್ನ ಕಾರು ಗೇರ್ ಬದಲಿಸಲು ತುಂಬಾ ತಡ ಮಾಡುತ್ತಿತ್ತು, ಬದಲಿಸಿದಾಗ ಬೆನ್ನಿಗೆ ಗುದ್ದಿದ ಹಾಗೆ ಜರ್ಕ್. ಒಬ್ಬ ಮೆಕ್ಯಾನಿಕ್ ಪೂರ್ತಿ ಓವರ್‌ಹಾಲ್ ಆಗಬೇಕು ಅಂದರು. ಕೊನೆಗೆ ಸಿಕ್ಕಿದ್ದು ಗೇಣುದ್ದದ ಒಣಗಿ ಸೀಳಿದ ರಬ್ಬರ್ ಪೈಪು. ಅವತ್ತಿನಿಂದ ಯಾರು ಕೇಳಿದರೂ ಮೊದಲು ಪೈಪು ನೋಡಿ ಅನ್ನುತ್ತೇನೆ. ಮಾಡ್ಯುಲೇಟರ್ ಇಲ್ಲದ ಕಾರಲ್ಲಿ ಥ್ರಾಟಲ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಕೇಬಲ್ ನೋಡಿ. ಕೆಲವು ಬಾಕ್ಸ್‌ಗಳಲ್ಲಿ ಒಳಗಿನ ಆಯಿಲ್ ಪ್ರೆಶರ್ ಕೂಡ ಅದೇ ಕೇಬಲ್ ಮೇಲೆ ನಿಂತಿರುತ್ತದೆ. ಅದು ಸಡಿಲವಾದರೆ ಚೆನ್ನಾಗಿರುವ ಕ್ಲಚ್ಚೂ ಸುಡುತ್ತದೆ.

ಈಗ ಓಡಿಸಿ ನೋಡಿ. ನ್ಯೂಟ್ರಲ್‌ನಿಂದ ಡ್ರೈವ್‌ಗೆ ಹಾಕಿ ಎಣಿಸಿ. ಒಂದು ಸೆಕೆಂಡಿನ ಆಸುಪಾಸಲ್ಲಿ ಗೇರ್ ಹಿಡಿಯಬೇಕು. ಎರಡು ದಾಟಿದರೆ ಪ್ರೆಶರ್ ಕಡಿಮೆ ಇರಬಹುದು. ಯಾವ ಗೇರಲ್ಲಿ ಜಾರುತ್ತದೆ (ಇಂಜಿನ್ ಕೂಗಿದರೂ ಕಾರು ಎಳೆಯುವುದಿಲ್ಲ) ಅನ್ನುವುದನ್ನು ಬರೆದಿಟ್ಟುಕೊಳ್ಳಿ, ಇದು ತುಂಬಾ ಮುಖ್ಯ. ಎಲ್ಲದರಲ್ಲೂ ಜಾರಿದರೆ ಆಯಿಲ್, ಫಿಲ್ಟರ್, ಪಂಪ್ ಕಡೆ ನೋಡಬೇಕು. ಒಂದೇ ಗೇರಲ್ಲಾದರೆ ಆ ಗೇರಿನ ಕ್ಲಚ್, ಬ್ಯಾಂಡ್ (ಡ್ರಮ್ ಬಿಗಿಹಿಡಿಯುವ ಪಟ್ಟಿ) ಅಥವಾ ಸೊಲೆನಾಯ್ಡ್ (ಆಯಿಲ್ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವ್). ಡ್ರೈವ್‌ನಲ್ಲಿ ಹೊರಡುವುದಿಲ್ಲ, ಲಿವರನ್ನು '1' ಗುರುತಿಗೆ ತಂದರೆ ಸರಿಯಾಗಿ ಹೊರಡುತ್ತದೆ ಅಂದರೆ, ಹಲವು ಹಳೇ ಬಾಕ್ಸ್‌ಗಳಲ್ಲಿ ಅದು ಒನ್ ವೇ ಕ್ಲಚ್ (ಒಂದೇ ದಿಕ್ಕಿಗೆ ತಿರುಗಲು ಬಿಡುವ ಭಾಗ) ಹೋಗಿರುವ ಗುರುತು.

60-80 ವೇಗದಲ್ಲಿ ಹೋಗುವಾಗ, ಉಬ್ಬುತಗ್ಗು ಪಟ್ಟಿಗಳ ಮೇಲೆ ಹೋದ ಹಾಗೆ ನಡುಗುತ್ತಿದೆಯೇ? ರೇಸ್ ಹಾಗೇ ಇಟ್ಟು ಎಡಗಾಲಲ್ಲಿ ಬ್ರೇಕನ್ನು ಸುಮ್ನೆ ಮುಟ್ಟಿ, ಲೈಟ್ ಹತ್ತುವಷ್ಟು ಮಾತ್ರ. ಖಾಲಿ ರಸ್ತೆಯಲ್ಲಿ ಮಾಡಿ. ಆಗ ಕನ್ವರ್ಟರನ್ನು ಓಟದಲ್ಲಿ ಇಂಜಿನ್ನಿಗೆ ನೇರ ಕಚ್ಚಿಸುವ ಲಾಕ್ (ಲಾಕಪ್) ಬಿಡುತ್ತದೆ, ನಡುಕ ತಕ್ಷಣ ನಿಂತರೆ ಲಾಕಪ್ ಮೇಲೆ ಅನುಮಾನ ಪಡಿ. ಆದರೂ ಸ್ಪಾರ್ಕ್ ಪ್ಲಗ್ ಒಮ್ಮೆ ನೋಡಿ, ಮಿಸ್‌ಫೈರ್ (ಇಂಜಿನ್ನಿನ ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಕೂಡ ಇದೇ ಥರ ನಡುಗಿಸುತ್ತದೆ.

ಕಂಪ್ಯೂಟರ್ ಇರುವ ಕಾರು ಒಂದೇ ಗೇರಿಗೆ ಅಂಟಿಕೊಂಡಿದ್ದರೆ, ಓವರ್‌ಡ್ರೈವ್ ಲೈಟ್ ಮಿನುಗುತ್ತಿದ್ದರೆ ಸ್ಕ್ಯಾನರ್ ಹಾಕಿಸಿ. ಪಿ0700 ಅನ್ನುವ ದೋಷದ ಕೋಡ್ ಬಂದರೆ ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ಬೇರೊಂದು ಕೋಡ್ ಇದೆ ಅಂತಷ್ಟೇ, ಆ ಇನ್ನೊಂದನ್ನು ಓದಿಸಿ. ತುಕ್ಕು ಹಿಡಿದ ಕನೆಕ್ಟರ್, ಸಡಿಲ ಅರ್ತ್ ವೈರ್ ಕೂಡ ಇಂಥ ಆಟ ಆಡಿಸುತ್ತವೆ. ಬ್ರೇಕ್ ತುಳಿದು ಪೂರ್ತಿ ರೇಸ್ ಕೊಡುವ ಸ್ಟಾಲ್ ಟೆಸ್ಟ್ ಮಾತ್ರ ನೀವಾಗಿ ಮಾಡಬೇಡಿ. ಕೆಲವೇ ಸೆಕೆಂಡಲ್ಲಿ ಆಯಿಲ್ ವಿಪರೀತ ಬಿಸಿಯಾಗುತ್ತದೆ, ಬ್ರೇಕ್ ಬಿಟ್ಟುಕೊಂಡರೆ ಜೀವಕ್ಕೇ ಅಪಾಯ.

ಇಷ್ಟರಲ್ಲಿ ಏನೂ ಸಿಗದಿದ್ದರೆ ಪ್ಯಾನ್ ಇಳಿಸಿ. ಒಳಗಿನ ಅಯಸ್ಕಾಂತದ ಮೇಲೆ ನುಣುಪಾದ ಬೂದು ಪೇಸ್ಟ್ ಇದ್ದರೆ ಅದು ಸಹಜ ಸವೆತ. ಒರೆಸಿ, ಫಿಲ್ಟರ್ ಬದಲಿಸಿ, ಕಾರಿಗೆ ಹೇಳಿದ ಆಯಿಲನ್ನೇ ಹಾಕಿ. ಬೆರಳಿಗೆ ಚುಚ್ಚುವ ಲೋಹದ ಚೂರು, ಕಪ್ಪು ಲೈನಿಂಗ್ ಪುಡಿ ರಾಶಿ ಸಿಕ್ಕರೆ ಬಾಕ್ಸ್ ಬಿಚ್ಚಲೇಬೇಕು. ಆಗ ಕೂಲರ್ ಮತ್ತು ಅದರ ಪೈಪುಗಳನ್ನೂ ತೊಳೆಸಿ, ಇಲ್ಲವಾದರೆ ಅಲ್ಲಿ ಉಳಿದ ಚೂರುಗಳು ರಿಪೇರಿಯಾದ ಬಾಕ್ಸ್‌ಗೇ ವಾಪಸ್ ಬರುತ್ತವೆ.