ಜಾಮ್ ಆದ ಗ್ಲೋ ಎಂಜಿನ್: ಬಿಡಿಸುವುದು, ಓಡಿಸುವುದು, ಜೋಪಾನ ಮಾಡುವುದು

ಮಾಡೆಲ್ ವಿಮಾನ ಹಾರಿಸುವ ಮೈದಾನಗಳಲ್ಲಿ ಈಗ ಎಂಜಿನ್ ಸದ್ದು ಅಪರೂಪ. 1947ರಲ್ಲಿ ರೇ ಆರ್ಡನ್ ಗ್ಲೋ ಪ್ಲಗ್ಗನ್ನು (ಕಿಡಿಯ ಬದಲು ಕಾದು ಕೆಂಪಾದ ತಂತಿ ಸುರುಳಿಯಿಂದ ಇಂಧನ ಹೊತ್ತಿಸುವ ಪ್ಲಗ್) ಮಾರುಕಟ್ಟೆಗೆ ತಂದ ಮೇಲೆ ದಶಕಗಳ ಕಾಲ ಈ ಹವ್ಯಾಸ ನಡೆದದ್ದೇ ಪುಟ್ಟ ಮೆಥನಾಲ್ ಎಂಜಿನ್‌ಗಳ ಮೇಲೆ. 2000ದ ನಂತರ ಬ್ರಷ್‌ಲೆಸ್ ಮೋಟರ್ ಮತ್ತು ಲಿಥಿಯಂ ಪಾಲಿಮರ್ ಬ್ಯಾಟರಿ ಕೈಗೆಟುಕುವಂತಾದವು. ಎಣ್ಣೆ ಒರೆಸುವ ಕೆಲಸವಿಲ್ಲ, ಇಂಧನದ ಪ್ರಮಾಣ ಹೊಂದಿಸುವ ಸೂಜಿ ತಿರುಗಿಸುವ ತಲೆನೋವಿಲ್ಲ, ಅಕ್ಕಪಕ್ಕದವರಿಂದ ಸದ್ದಿನ ದೂರೂ ಇಲ್ಲ. ಹೊಸಬರು ಅತ್ತ ಹೋದರು. ಲಕ್ಷಾಂತರ ಮಕ್ಕಳ ಕೈಗೆ ಮೊದಲ ಎಂಜಿನ್ ಕೊಟ್ಟ ಕಾಕ್ಸ್ ಕಂಪನಿ 1996ರಲ್ಲಿ ಎಸ್ಟೆಸ್ ಎಂಬ ಕಂಪನಿಯ ಪಾಲಾಯಿತು, ಮುಂದೆ ಆ ಎಂಜಿನ್‌ಗಳ ತಯಾರಿಕೆಯೂ ನಿಂತಿತು.

ಆದರೆ ಪೆಟ್ಟಿಗೆ ಸೇರಿದ ಎಂಜಿನ್‌ಗಳಲ್ಲಿ ಬಹುಪಾಲು ಸವೆದು ಹೋದವಲ್ಲ. ಇಂಧನದಲ್ಲಿ ಬೆರೆಸಿದ ಹರಳೆಣ್ಣೆ ಒಳಗೆ ಒಣಗಿ ಅಂಟಿಕೊಂಡವು, ಅಷ್ಟೆ. ಅವು ನಿಜವಾಗಿ ಹಾಳಾಗುವುದು ಯಾರೋ ಬಲ ಹಾಕಿ ತಿರುಗಿಸಿದ ದಿನ. ಬಿಡಿಭಾಗ ಸುಲಭವಾಗಿ ಸಿಗದ ಈ ಕಾಲದಲ್ಲಿ ಮುರಿಯದೆ ಬಿಡಿಸುವುದೇ ಮೊದಲು ಕಲಿಯಬೇಕಾದ ಕೆಲಸ.

ಅಂಟು ಬಿಡಿಸುವುದು

ಪ್ರೊಪೆಲ್ಲರ್ ಹಿಡಿದು ಮೆಲ್ಲಗೆ ಅಲುಗಿಸಿ. ಕಲ್ಲಿನಂತೆ ನಿಂತಿದ್ದರೆ ಅಲ್ಲಿಗೇ ಬಿಡಿ. ಸೈಲೆನ್ಸರ್ ತೆಗೆದು ಎಕ್ಸಾಸ್ಟ್ ಕಿಂಡಿಯಿಂದ ಒಳಗೆ ನೋಡಿ. ಪಿಸ್ಟನ್ ಮೇಲೆ ಜೇನುಬಣ್ಣದಿಂದ ಕಡುಕಂದಿನವರೆಗಿನ ಹೊಳೆಯುವ ಪದರ ಕಂಡರೆ ಅದು ಹರಳೆಣ್ಣೆಯ ವಾರ್ನಿಷ್, ಬಿಸಿಗೆ ಕರಗುತ್ತದೆ. ಕೆಂಪುಕಂದು ಪುಡಿ ಕಂಡರೆ ಅದು ತುಕ್ಕು. ಬಿಸಿ ಅದಕ್ಕೆ ಮದ್ದಲ್ಲ, ಪೂರ್ತಿ ಬಿಚ್ಚಲೇಬೇಕು.

ವಾರ್ನಿಷ್ ಆಗಿದ್ದರೆ ಪ್ಲಾಸ್ಟಿಕ್ ಭಾಗ, ಕಾರ್ಬುರೇಟರ್, ರಬ್ಬರ್ ಓ-ರಿಂಗ್ ಮತ್ತು ಪ್ಲಗ್ ತೆಗೆದಿಡಿ. ಎಂಜಿನ್‌ನಲ್ಲಾಗಲಿ ಟ್ಯಾಂಕ್‌ನಲ್ಲಾಗಲಿ ಒಂದು ಹನಿ ಇಂಧನವೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ಹೀಟ್ ಗನ್‌ನಿಂದ ಸುತ್ತಲೂ ಕಾಯಿಸಿ. ಕೆಲಸಕ್ಕೆಂದೇ ಇಟ್ಟ ಓವನ್ ಇದ್ದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಸಾಕು. ದಪ್ಪ ಬಟ್ಟೆಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ತುಸು ಅಲುಗಿಸಿ. ಅಲುಗಿದ ಕೂಡಲೇ ಎಕ್ಸಾಸ್ಟ್ ಕಿಂಡಿಗೆ ನಾಲ್ಕು ಹನಿ ತೆಳು ಎಣ್ಣೆ ಬಿಡಿ. ಅಲುಗದಿದ್ದರೆ ತಣ್ಣಗಾದ ಮೇಲೆ ಒಂದು ರಾತ್ರಿ ಮೆಥನಾಲ್‌ನಲ್ಲಿ ಅದ್ದಿಟ್ಟು, ಹೊರತೆಗೆದು ಪೂರ್ತಿ ಒಣಗಿಸಿ, ಆಮೇಲೆ ಇನ್ನೊಮ್ಮೆ ಕಾಯಿಸಿ. ಮೆಥನಾಲ್ ಒದ್ದೆ ಇರುವಾಗ ಬಿಸಿಯ ಹತ್ತಿರ ಒಯ್ಯಲೇಬಾರದು. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಚರ್ಮದ ಮೂಲಕವೂ ಅದು ಮೈಗೆ ಸೇರುತ್ತದೆ. ಗ್ಲೌಸ್ ಹಾಕಿ, ಗಾಳಿಯಾಡುವ ಕಡೆ ಕೆಲಸ ಮಾಡಿ.

ಎಬಿಸಿ ಮಾದರಿಯ ಎಂಜಿನ್‌ಗಳ ಬಗ್ಗೆ ಒಂದು ಎಚ್ಚರಿಕೆ. ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪಿಸಿದ ಹಿತ್ತಾಳೆ ಸಿಲಿಂಡರ್ ಇರುವ ಇವುಗಳ ಸಿಲಿಂಡರ್ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ತಣ್ಣಗಿರುವಾಗ ಪಿಸ್ಟನ್ ಮೇಲಕ್ಕೆ ಬಂದಾಗ ಬಿಗಿಯಾಗಿ ಕೀರಲು ಸದ್ದು ಮಾಡುವುದು ಸಹಜ. ಅದನ್ನು ದೋಷವೆಂದು ತಿಳಿದು ಉಜ್ಜಿ ಸಡಿಲ ಮಾಡಿದರೆ ಕಂಪ್ರೆಶನ್ ಹೋಯಿತು, ಎಂಜಿನ್ನೂ ಹೋಯಿತು. ಇಂಥವನ್ನು ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿಕೊಂಡರೆ ಕನೆಕ್ಟಿಂಗ್ ರಾಡ್ ಮೇಲಿನ ಒತ್ತಡ ಕಡಿಮೆಯಾಗುತ್ತದೆ.

ತಿರುಗುವಾಗ ಗರಗರ ಅಂದರೆ ಬೇರಿಂಗ್ ತುಕ್ಕು ಹಿಡಿದಿದೆ ಎಂದರ್ಥ. ಹಿಂದಿನ ಕವರ್, ಸಿಲಿಂಡರ್, ಕ್ರ್ಯಾಂಕ್ ಶಾಫ್ಟ್ ಹೊರತೆಗೆದು ಕ್ರ್ಯಾಂಕ್‌ಕೇಸನ್ನು ಸುಮಾರು 130 ಡಿಗ್ರಿಗೆ ಕಾಯಿಸಿ, ಮರದ ಹಲಗೆಗೆ ತಟ್ಟಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಂದಿನ ದೊಡ್ಡ ಬೇರಿಂಗ್ ತಾನಾಗಿ ಕಳಚಿ ಬೀಳುತ್ತದೆ. ಹೊಸದನ್ನೂ ಕೇಸ್ ಬಿಸಿಯಾಗಿರುವಾಗಲೇ ಕೂರಿಸಿ. ಒಳ್ಳೆಯ ಸಂಗತಿಯೆಂದರೆ ಬೇರಿಂಗ್‌ಗಳು ಸಾಮಾನ್ಯವಾಗಿ ಪ್ರಮಾಣಿತ ಅಳತೆಯವು. ಎಂಜಿನ್ ತಯಾರಿಸಿದ ಕಂಪನಿ ಮುಚ್ಚಿದ್ದರೂ ಒಳವ್ಯಾಸ, ಹೊರವ್ಯಾಸ, ಅಗಲ ಅಳೆದುಕೊಂಡು ಹೋದರೆ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತವೆ.

ಕಾಕ್ಸ್ .049ಗಳ ಕಥೆಯೇ ಬೇರೆ

ಅರ್ಧ ಎ ಎಂದು ಕರೆಯುವ ಈ .049 ಘನ ಇಂಚಿನ, ಅಂದರೆ 0.8 ಸಿಸಿ ಎಂಜಿನ್‌ಗಳಲ್ಲಿ ಪ್ಲಗ್ ಬೇರೆ ಇಲ್ಲ. ತಂತಿ ಸುರುಳಿ ಸಿಲಿಂಡರ್ ಹೆಡ್‌ನಲ್ಲೇ ಕೂತಿರುತ್ತದೆ, ಸುಟ್ಟರೆ ಹೆಡ್ಡೇ ಬದಲಿಸಬೇಕು. ಇವು ಈಗ ಕಷ್ಟಪಟ್ಟು ಹುಡುಕಬೇಕಾದ ವಸ್ತು. ಆದ್ದರಿಂದ 1.5 ವೋಲ್ಟ್‌ನ ದೊಡ್ಡ ಡ್ರೈ ಸೆಲ್ ಅಥವಾ 1.2 ವೋಲ್ಟ್‌ನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಮಾತ್ರ ಬಳಸಿ. 3.7 ವೋಲ್ಟ್‌ನ ಲಿಥಿಯಂ ಸೆಲ್ಲನ್ನು ನೇರವಾಗಿ ಮುಟ್ಟಿಸಿದರೆ ಸುರುಳಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಹೆಡ್ ಮತ್ತು ಸಿಲಿಂಡರ್ ಬಿಚ್ಚಲು ಆ ಎಂಜಿನ್‌ಗೆಂದೇ ಮಾಡಿದ ಸ್ಪ್ಯಾನರ್ ಬೇಕು. ಇಕ್ಕಳ ಹಾಕಿದರೆ ತೆಳುವಾದ ಫಿನ್‌ಗಳು ಮಡಚುತ್ತವೆ. ಎಕ್ಸಾಸ್ಟ್ ಕಿಂಡಿಗೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದರೆ ಸಿಲಿಂಡರ್ ಗೋಡೆ ವಕ್ರವಾಗುತ್ತದೆ, ಅದಕ್ಕೆ ರಿಪೇರಿ ಇಲ್ಲ. ಹೆಡ್ ಕೆಳಗಿನ ತಾಮ್ರದ ಗ್ಯಾಸ್ಕೆಟ್ ಜೋಪಾನ.

ಕಾಕ್ಸ್‌ನ ಬೇಬ್ ಬೀ ಮಾದರಿ ಸ್ಟಾರ್ಟ್ ಆಗದಿರಲು ಮುಖ್ಯ ಕಾರಣ ಹಿಂಬದಿಯ ರೀಡ್ ವಾಲ್ವ್, ಅಂದರೆ ಇಂಧನ-ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ತೆಳು ಹಾಳೆಯ ಕವಾಟ. ಟ್ಯಾಂಕಿನ ನಾಲ್ಕು ಉದ್ದ ತಿರುಪು ಬಿಚ್ಚಿದರೆ ನಕ್ಷತ್ರಾಕಾರದ ಅಥವಾ ಅಂಡಾಕಾರದ ತೆಳು ಹಾಳೆ ಕಾಣುತ್ತದೆ. ಅದು ಸಮತಟ್ಟಾಗಿರಬೇಕು, ತಡೆಯುವ ಕ್ಲಿಪ್‌ನ ಕೆಳಗೆ ಸಡಿಲವಾಗಿ ಸುತ್ತುವಂತಿರಬೇಕು. ಬಟ್ಟೆಯ ಒಂದು ನೂಲೆಳೆ ಅದರಡಿ ಸಿಕ್ಕಿಕೊಂಡರೂ ಕ್ರ್ಯಾಂಕ್‌ಕೇಸ್ ಒತ್ತಡ ಸೋರಿ, ಇಂಧನ ಹಿಂದಕ್ಕೆ ಉಗುಳುತ್ತದೆ. ಮೆಥನಾಲ್‌ನಲ್ಲಿ ತೊಳೆದು ಗಾಳಿ ಊದಿ ಒಣಗಿಸಿ, ಬಟ್ಟೆ ಮುಟ್ಟಿಸಬೇಡಿ. ರೀಡ್ ವಾಲ್ವ್ ಇರುವ ಎಂಜಿನ್ ಹಿಮ್ಮುಖವಾಗಿಯೂ ಆರಾಮಾಗಿ ಓಡುತ್ತದೆ. ಗಾಳಿ ಮುಂದಕ್ಕೆ ಬರುತ್ತಿದ್ದರೆ ನಿಲ್ಲಿಸಿ ಮತ್ತೆ ಹೊಡೆಯಿರಿ.

ಇಂಧನ

ಇಲ್ಲಿ ಮೆಥನಾಲ್ ಉರಿಯುವುದು ಕಿಡಿಯಿಂದಲ್ಲ. ಪ್ಲಾಟಿನಂ ತಂತಿಯ ಮೇಲೆ ಅದು ಪ್ರತಿಕ್ರಿಯಿಸಿ ತಂತಿಯನ್ನು ಕೆಂಪಾಗಿಟ್ಟಿರುತ್ತದೆ, ಹಾಗಾಗಿ ಬ್ಯಾಟರಿ ಕಳಚಿದರೂ ಎಂಜಿನ್ ಓಡುತ್ತದೆ. ಪೆಟ್ರೋಲ್ ಹಾಕಿದರೆ ಈ ಕೆಲಸ ನಡೆಯುವುದಿಲ್ಲ.

ಹಳೆಯ ಕಾಕ್ಸ್‌ಗೆ ಒಂದು ಲೀಟರ್ ಬೇಕಿದ್ದರೆ 200 ಮಿಲಿ ಹರಳೆಣ್ಣೆ, 150ರಿಂದ 200 ಮಿಲಿ ನೈಟ್ರೊಮೀಥೇನ್ (ಶಕ್ತಿ ಹೆಚ್ಚಿಸುವ ದ್ರವ, ಚಿಕ್ಕದಾಗಿ ನೈಟ್ರೊ), ಉಳಿದದ್ದು ಮೆಥನಾಲ್. .25ರಿಂದ .46ರವರೆಗಿನ ಎಂಜಿನ್‌ಗೆ 700 ಮಿಲಿ ಮೆಥನಾಲ್, 200 ಮಿಲಿ ಎಣ್ಣೆ, 100 ಮಿಲಿ ನೈಟ್ರೊ ಚೆನ್ನಾಗಿ ನಡೆಯುತ್ತದೆ. ಎಣ್ಣೆಯಲ್ಲಿ ಅರ್ಧವಾದರೂ ಹರಳೆಣ್ಣೆ ಇರಲಿ. ಸಿಂಥೆಟಿಕ್ ಎಣ್ಣೆ ಸ್ವಚ್ಛ, ನಿಜ. ಆದರೆ ಮಿಶ್ರಣ ಲೀನ್ ಆಗಿ (ಇಂಧನ ಕಡಿಮೆ, ಗಾಳಿ ಹೆಚ್ಚು) ಎಂಜಿನ್ ಕಾದಾಗ ಲೋಹವನ್ನು ಕೊನೆಯವರೆಗೂ ಬಿಡದೆ ಕಾಯುವುದು ಹರಳೆಣ್ಣೆ. ಔಷಧಿಗೆ ಬಳಸುವಂಥ ಶುದ್ಧ, ಬಣ್ಣ-ಸುಗಂಧ ಸೇರಿಸದ ಎಣ್ಣೆಯನ್ನೇ ಕೊಳ್ಳಿ.

ನೈಟ್ರೊ ಸಿಗುವುದು ದಿನೇ ದಿನೇ ಕಷ್ಟವಾಗುತ್ತಿದೆ. ಯುರೋಪಿಯನ್ ಒಕ್ಕೂಟದಲ್ಲಿ 2021ರ ಫೆಬ್ರವರಿ 1ರಿಂದ ತೂಕದಲ್ಲಿ ಶೇ. 16ಕ್ಕಿಂತ ಹೆಚ್ಚು ನೈಟ್ರೊಮೀಥೇನ್ ಇರುವ ಮಿಶ್ರಣವನ್ನು ಸಾರ್ವಜನಿಕರಿಗೆ ಪರವಾನಗಿಯಿಲ್ಲದೆ ಮಾರುವಂತಿಲ್ಲ. ಇಲ್ಲಿ ಹಲವರು ಲೆಕ್ಕ ತಪ್ಪುತ್ತಾರೆ. ನೈಟ್ರೊ ಭಾರವಾದ ದ್ರವ, ಮೆಥನಾಲ್ ಹಗುರ. ಅಳತೆ ಲೋಟದಲ್ಲಿ ಶೇ. 10 ಹಾಕಿದರೆ ತೂಕದಲ್ಲಿ ಅದು ಸುಮಾರು ಶೇ. 13 ಆಗಿರುತ್ತದೆ, ಶೇ. 15 ಹಾಕಿದರೆ ಮಿತಿ ದಾಟಿರುತ್ತದೆ. .40 (6.5 ಸಿಸಿ) ಮತ್ತು ಅದಕ್ಕಿಂತ ದೊಡ್ಡವು ನೈಟ್ರೊ ಇಲ್ಲದೆಯೂ, 80 ಪಾಲು ಮೆಥನಾಲ್ 20 ಪಾಲು ಎಣ್ಣೆಯಲ್ಲಿ ಓಡುತ್ತವೆ. ಐಡ್ಲಿಂಗ್ ಸ್ವಲ್ಪ ಒರಟಾಗುತ್ತದೆ, ಬಿಸಿಯನ್ನು ಹೆಚ್ಚು ಉಳಿಸಿಕೊಳ್ಳುವ ಹಾಟ್ ಪ್ಲಗ್ ಹಾಕಿದರೆ ಸರಿಹೋಗುತ್ತದೆ. ಕಾಕ್ಸ್‌ನಲ್ಲಿ ನೈಟ್ರೊ ಕಡಿಮೆ ಮಾಡುವುದಿದ್ದರೆ, ಹೆಡ್ ಕೆಳಗೆ ಎರಡು ಗ್ಯಾಸ್ಕೆಟ್ ಇದ್ದಲ್ಲಿ ಒಂದನ್ನು ತೆಗೆದು ಕಂಪ್ರೆಶನ್ ಏರಿಸಿಕೊಳ್ಳಿ.

ವರ್ಷಗಟ್ಟಲೆ ಅರ್ಧ ಖಾಲಿಯಾಗಿ ನಿಂತ ಡಬ್ಬಿಯ ಇಂಧನ ಬೇಡ. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಆ ನೀರಿನಿಂದ ಎಂಜಿನ್ ಒಮ್ಮೆ ಲೀನ್ ಒಮ್ಮೆ ರಿಚ್ (ಇಂಧನ ಹೆಚ್ಚು) ಎಂದು ಹೊಯ್ದಾಡುತ್ತದೆ, ಸೂಜಿ ಎಷ್ಟು ತಿರುಗಿಸಿದರೂ ನೆಲೆ ಸಿಗುವುದಿಲ್ಲ.

ಸ್ಟಾರ್ಟ್ ಮತ್ತು ಸೂಜಿ

ಎಂಜಿನ್ನನ್ನು ಗಟ್ಟಿ ಸ್ಟ್ಯಾಂಡಿಗೆ ಬಿಗಿಯಿರಿ. .049ಕ್ಕೆ 6×3, .25ಕ್ಕೆ 9×5, .40ಕ್ಕೆ 10×6 ಪ್ರೊಪೆಲ್ಲರ್ (ಇಂಚಿನಲ್ಲಿ ವ್ಯಾಸ × ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ). ಟ್ಯಾಂಕಿನ ನಡುಗೆರೆ ಸೂಜಿಯ ಮಟ್ಟಕ್ಕಿಂತ 6ರಿಂದ 10 ಮಿಮೀ ಕೆಳಗಿರಲಿ. ಇಂಧನದ ಟ್ಯೂಬ್ ಸಿಲಿಕೋನ್‌ನದು. ಪ್ಲಗ್ ಹೊರಗಿಟ್ಟು ಬ್ಯಾಟರಿ ಮುಟ್ಟಿಸಿ ನೋಡಿ: ಸುರುಳಿ ಪೂರ್ತಿ ಕಿತ್ತಳೆ ಬಣ್ಣಕ್ಕೆ ಹೊಳೆಯಬೇಕು. ತಂತಿ ನಯವಾಗಿ ಮಿನುಗುತ್ತಿದ್ದರೆ ಒಳ್ಳೆಯದು. ಮಂಜು ಕವಿದಂತೆ ಬೂದುಬಣ್ಣಕ್ಕೆ ತಿರುಗಿದ್ದರೆ ಅದರ ಆಯುಷ್ಯ ಮುಗಿದಿದೆ. ಬ್ಯಾಟರಿ ಇದ್ದಾಗ ಬೆಳಗಿ ಓಡಿಸುತ್ತದೆ, ತೆಗೆದ ಕೂಡಲೇ ಎಂಜಿನ್ ನಿಲ್ಲುತ್ತದೆ.

ಸೂಜಿಯನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಕಾಕ್ಸ್‌ನಲ್ಲಿ ಮೂರೂವರೆ ಸುತ್ತು, ಉಳಿದವಲ್ಲಿ ಎರಡರಿಂದ ಎರಡೂವರೆ ಸುತ್ತು ತೆರೆಯಿರಿ. ಎಕ್ಸಾಸ್ಟ್ ಕಿಂಡಿಗೆ ಎರಡು ಹನಿ ಇಂಧನ ಬಿಟ್ಟು, ಬ್ಯಾಟರಿ ಹಾಕಿ, ದಪ್ಪ ಗ್ಲೌಸ್ ತೊಟ್ಟ ಕೈಯಿಂದ ಅಥವಾ ಸ್ಟಾರ್ಟರ್ ಕೋಲಿನಿಂದ ಹೊಡೆಯಿರಿ. ಬರಿಬೆರಳು ಬೇಡವೇ ಬೇಡ. ಎಲೆಕ್ಟ್ರಿಕ್ ಸ್ಟಾರ್ಟರ್ ಹಿಡಿಯುವ ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಒಳಗೆ ಇಂಧನ ತುಂಬಿದ್ದರೆ ದ್ರವ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಒಮ್ಮೆ ಭರ್ರೆಂದು ಓಡಿ ನಿಂತರೆ ಬಿಟ್ಟ ಹನಿ ಮಾತ್ರ ಉರಿದಿದೆ, ಟ್ಯಾಂಕಿನಿಂದ ಇಂಧನ ಬರುತ್ತಿಲ್ಲ. ಅರ್ಧ ಸುತ್ತು ತೆರೆಯಿರಿ, ಆಗಲೂ ಇಲ್ಲವೆಂದರೆ ಇಂಧನ ಒಳಗೆ ಚಿಮ್ಮಿಸುವ ಕೊಳವೆಯ (ಸ್ಪ್ರೇ ಬಾರ್) ತೂತು ಕಟ್ಟಿದೆ. ಬಿಳಿ ಹೊಗೆ ಉಗುಳುತ್ತ ಗುಳುಗುಳು ಎಂದು ಓಡಿದರೆ ರಿಚ್, ಎಂಟನೇ ಒಂದು ಸುತ್ತಿನಂತೆ ಮುಚ್ಚುತ್ತ ಬನ್ನಿ. ಸದ್ದು ಏರಿ ಒಂದೇ ಕೊರಳಾಗುವ ಹಂತ ತಲುಪಿದ ಮೇಲೆ ಅಲ್ಲಿಂದ 200-300 ಆರ್‌ಪಿಎಂ ಇಳಿಯುವಷ್ಟು ವಾಪಸ್ ತೆರೆಯಿರಿ. ಪರೀಕ್ಷೆ ಸುಲಭ: ಇಂಧನದ ಟ್ಯೂಬನ್ನು ಕ್ಷಣಮಾತ್ರ ಚಿವುಟಿದಾಗ ವೇಗ ತುಸು ಏರಬೇಕು. ಏರದೆ ಕುಸಿದರೆ ಲೀನ್ ಆಗಿದೆ, ಹಾಗೆ ಹಾರಿಸಿದರೆ ಪಿಸ್ಟನ್ನೂ ಪ್ಲಗ್ಗೂ ಒಟ್ಟಿಗೇ ಹೋಗುತ್ತವೆ. ಈ ಹೊಂದಾಣಿಕೆಯನ್ನು ಯಾವಾಗಲೂ ಪ್ರೊಪೆಲ್ಲರ್‌ನ ಹಿಂದೆ ನಿಂತು ಮಾಡಿ. ಕಡೆಗೆ ವಿಮಾನದ ಮೂತಿ ಮೇಲೆತ್ತಿ ಹತ್ತು ಸೆಕೆಂಡ್ ಹಿಡಿಯಿರಿ, ಸದ್ದು ಕುಗ್ಗಬಾರದು.

ದಿನದ ಕೊನೆಗೆ

ಮೆಥನಾಲ್ ಉರಿದರೆ ನೀರು ಹುಟ್ಟುತ್ತದೆ, ನೈಟ್ರೊದಿಂದ ಆಮ್ಲದ ಅಂಶ. ಬೇರಿಂಗ್ ತಿನ್ನುವುದು ಇವೆರಡೇ. ಕೊನೆಯ ಓಟದಲ್ಲಿ ಟ್ಯೂಬ್ ಕಿತ್ತು ಎಂಜಿನ್ ತಾನಾಗಿ ನಿಲ್ಲಲು ಬಿಡಿ. ಬ್ಯಾಟರಿ ಹಾಕಿ ಇನ್ನೆರಡು ಸಲ ಹೊಡೆದು ಉಳಿದ ಹನಿಯನ್ನೂ ಸುಟ್ಟುಬಿಡಿ. ತಣ್ಣಗಾದ ಮೇಲೆ ಕಾರ್ಬುರೇಟರ್ ಬಾಯಿಗೆ ಐದಾರು ಹನಿ, ಪ್ಲಗ್ ತೂತಿಗೆ ಮೂರು ಹನಿ ನ್ಯೂಮ್ಯಾಟಿಕ್ ಉಪಕರಣಗಳ ಎಣ್ಣೆ ಬಿಟ್ಟು ಹಲವು ಸುತ್ತು ತಿರುಗಿಸಿ. ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಟಿಎಫ್ ಎಣ್ಣೆಯೂ ತುಕ್ಕು ತಡೆಯುತ್ತದೆ, ಆದರೆ ಸಿಲಿಕೋನ್ ಓ-ರಿಂಗ್ ಇರುವ ಕಾರ್ಬುರೇಟರ್‌ಗೆ ಬೇಡ, ರಿಂಗ್ ಊದಿಕೊಳ್ಳುತ್ತದೆ. ಎಬಿಸಿ ಎಂಜಿನ್ ಆದರೆ ಪಿಸ್ಟನ್ ಬಿಗಿಯಾಗುವ ಮೇಲ್ತುದಿಯಲ್ಲಿ ನಿಲ್ಲಿಸದೆ ಕೆಳಕ್ಕೆ ತಂದು, ಪ್ಲಗ್ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.